ಗಾಡಿ ತೆಗೆಯುವ ಮುನ್ನ ಮ್ಯಾಪ್‌ನ ಕಿವಿ ಹಿಂಡಿ

ಹೆದ್ದಾರಿಯಲ್ಲಿ ನೆಟ್ಟಗೆ ಹೋಗುತ್ತಿದ್ದ ಕಾರನ್ನು ಮ್ಯಾಪ್ ಇದ್ದಕ್ಕಿದ್ದಂತೆ ಹಳ್ಳಿಯ ಓಣಿಗೆ ಇಳಿಸಿ, ಕೊನೆಗೆ ಯಾರದೋ ಕೊಟ್ಟಿಗೆಯ ಮುಂದೆ ತಂದು ನಿಲ್ಲಿಸಿದರೆ ಬೈಗುಳ ತಿನ್ನುವುದು ಜಿಪಿಎಸ್. ಪಾಪ, ಉಪಗ್ರಹಕ್ಕೆ ದಾರಿಯ ಗೊಡವೆಯೇ ಇಲ್ಲ. ಅದರಿಂದ ಫೋನಿಗೆ ತಿಳಿಯುವುದು ನೀವು ಎಲ್ಲಿದ್ದೀರಿ ಎಂಬುದಷ್ಟೇ. ದಾರಿ ಆರಿಸುವುದು ಆ್ಯಪ್, ಅದೂ ತನ್ನೊಳಗಿನ ಸೆಟ್ಟಿಂಗ್ ನೋಡಿಕೊಂಡು. ಹೋದ ತಿಂಗಳು ಹಾಕಿ ಮರೆತ 'ಟೋಲ್ ಬೇಡ' ಎಂಬ ಟಿಕ್, ಬದಲಿಸದೆ ಬಿಟ್ಟ ಬೈಕ್ ಮೋಡ್, ಕಾಂಪೌಂಡ್ ಗೋಡೆಯ ಹಿಂದೆ ಬಿದ್ದ ಪಿನ್. ಎಡವಟ್ಟುಗಳ ಬೇರು ಹೆಚ್ಚಾಗಿ ಈ ಮೂರರಲ್ಲೇ ಸಿಗುತ್ತದೆ. ಮೂರನ್ನೂ ಸರಿಮಾಡುವ ಜಾಗ ಮನೆ, ರಸ್ತೆಯಲ್ಲ.

ಇಲ್ಲಿರುವ ಹಂತಗಳು ಆಂಡ್ರಾಯ್ಡ್ ಫೋನಿನ ಗೂಗಲ್ ಮ್ಯಾಪ್ಸ್‌ಗೆ ಸಂಬಂಧಿಸಿದವು. ಐಫೋನ್‌ನಲ್ಲಿ ಮೆನುವಿನ ಜಾಗ ತುಸು ಬೇರೆ, ಕೆಲಸ ಒಂದೇ. ಆವೃತ್ತಿ ಬದಲಾದಂತೆ ಗುಂಡಿಗಳೂ ಅಲ್ಲಿಂದಿಲ್ಲಿಗೆ ಸರಿಯುತ್ತಿರುತ್ತವೆ, ಹೆಸರು ಹಿಡಿದು ಹುಡುಕಿ. ಮ್ಯಾಪ್‌ಮೈಇಂಡಿಯಾ ಕಂಪನಿಯ ಮ್ಯಾಪಲ್ಸ್ ಎಂಬ ಇನ್ನೊಂದು ಮ್ಯಾಪ್ ಆ್ಯಪ್ ಮೇಲುಗೈ ಇರುವ ಕಡೆ ಅದನ್ನೂ ಹೇಳಿದೆ.

ಮೊದಲು ನೀಲಿ ಚುಕ್ಕಿ

ಆ್ಯಪ್ ತೆರೆದು ನೀಲಿ ಚುಕ್ಕಿಯ ಸುತ್ತ ನೋಡಿ. ತೆಳು ನೀಲಿ ವೃತ್ತ ದೊಡ್ಡದಿದ್ದರೆ ಫೋನಿಗೆ ತಾನೆಲ್ಲಿದ್ದೇನೆಂದು ಖಾತ್ರಿಯಿಲ್ಲ ಎಂದರ್ಥ. ಬಯಲಿನಲ್ಲಿ ಸಾಮಾನ್ಯ ಸ್ಮಾರ್ಟ್‌ಫೋನ್ 5 ಮೀಟರ್ ಆಸುಪಾಸಿನ ನಿಖರತೆ ಕೊಡಬೇಕು. ಕೊಡದಿದ್ದರೆ ಈ ನಾಲ್ಕನ್ನು ನೋಡಿ.

ಒಂದು, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮ್ಯಾಪ್ಸ್‌ಗೆ ಕೊಟ್ಟ ಲೊಕೇಶನ್ ಅನುಮತಿಯಲ್ಲಿ 'ಯೂಸ್ ಪ್ರಿಸೈಸ್ ಲೊಕೇಶನ್' ಆನ್ ಇರಬೇಕು. ಇದು ಆಫ್ ಆದರೆ ಆ್ಯಪ್‌ಗೆ ಸಿಗುವುದು ಬಡಾವಣೆಯ ಅಂದಾಜು, ರಸ್ತೆಯಲ್ಲ. ಎರಡು, ಲೊಕೇಶನ್ ಸರ್ವೀಸಸ್ ಒಳಗಿನ 'ಲೊಕೇಶನ್ ಆಕ್ಯುರಸಿ' ಆನ್ ಇರಲಿ. ಮೂರು, ಬ್ಯಾಟರಿ ಸೇವರ್ ಆಫ್ ಮಾಡಿ. ಪರದೆ ಆರಿದೊಡನೆ ಜಿಪಿಎಸ್ ಅನ್ನೂ ತೂಕಡಿಸಲು ಬಿಡುವ ಫೋನ್‌ಗಳಿವೆ. ಆ್ಯಪ್ಸ್ ಪಟ್ಟಿಯಲ್ಲಿ ಮ್ಯಾಪ್ಸ್‌ನ ಬ್ಯಾಟರಿ ಬಳಕೆಯನ್ನು 'ಅನ್‌ರಿಸ್ಟ್ರಿಕ್ಟೆಡ್' ಮಾಡಿಟ್ಟರೆ ಈ ಕಾಟ ಇರುವುದಿಲ್ಲ. ನಾಲ್ಕು, ಚುಕ್ಕಿ ಸರಿಯಾದ ಜಾಗದಲ್ಲಿದ್ದೂ ಅದರ ಮೂತಿ ಬೇರೆ ದಿಕ್ಕಿಗಿದ್ದರೆ ದಿಕ್ಸೂಚಿ ಕೆಟ್ಟಿದೆ. ಫೋನನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡು ಮೂರು ಸಲ ಆಡಿಸಿ. ಆಯಸ್ಕಾಂತದ ಹೋಲ್ಡರ್ ಬಳಸುವವರಿಗೆ ಈ ತೊಂದರೆ ಮತ್ತೆ ಮತ್ತೆ ಬರುತ್ತದೆ. ಗಾಡಿ ಹತ್ತು ಮೀಟರ್ ಚಲಿಸಿದರೆ ದಿಕ್ಕು ತಾನೇ ಸರಿಹೋಗುವುದರಿಂದ ಅದು ಪೀಡಿಸುವುದು ಹೊರಡುವ ಗಳಿಗೆಯಲ್ಲಿ ಮಾತ್ರ.

ಗಾಡಿ ಯಾವುದು, ಉಳಿದುಹೋದ ಟಿಕ್ ಯಾವುದು

ಸೇರುವ ಜಾಗ ಹಾಕಿ 'ಡೈರೆಕ್ಷನ್ಸ್' ಒತ್ತಿ. ಮೇಲಿನ ಸಾಲಿನಲ್ಲಿ ಕಾರು, ಬೈಕು, ರೈಲು, ನಡೆಯುವ ಮನುಷ್ಯನ ಗುರುತುಗಳಿರುತ್ತವೆ. ಆ್ಯಪ್ ನಿಮ್ಮ ಹಿಂದಿನ ಆಯ್ಕೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ನಿನ್ನೆ ಸಂಜೆ ಸ್ಕೂಟರಿನಲ್ಲಿ ಹಾಲು ತರಲು ಹೋದವರು ಇಂದು ಕಾರಿನಲ್ಲಿ ಕೂತು ಅದೇ ಮೋಡ್‌ನಲ್ಲಿ ಹೊರಟರೆ, ಬೈಕು ಮಾತ್ರ ನುಸುಳುವ ಸಂದಿಯಲ್ಲಿ ಕಾರು ಸಿಕ್ಕಿಕೊಳ್ಳುವುದು ಖಂಡಿತ. ಬೈಕ್ ಮೋಡ್ 2017ರ ಡಿಸೆಂಬರ್‌ನಲ್ಲಿ ಮೊದಲು ಬಂದದ್ದೇ ಭಾರತಕ್ಕೆ. ಅದರ ದಾರಿಯೂ ಸಮಯದ ಲೆಕ್ಕವೂ ಕಾರಿನದಕ್ಕಿಂತ ಬೇರೆ.

ಬೈಕಿನವರು ಕಾರ್ ಮೋಡ್ ಹಾಕಿದರೆ ತೊಂದರೆ ಇನ್ನೊಂದು ಬಗೆಯದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಕಾರ್ ಮೋಡ್ ನಿಮ್ಮನ್ನು ಸೀದಾ ಅಲ್ಲಿಗೇ ಏರಿಸುತ್ತದೆ. ಬೈಕ್ ಮೋಡ್ ಹಾಕಿದ್ದರೂ ಏರುವ ಬಾಯಿಯಲ್ಲಿನ ಬೋರ್ಡ್ ಹೇಳುವುದೇ ಕೊನೆಯ ಮಾತು.

ಈಗ ಮೂರು ಚುಕ್ಕಿ ಒತ್ತಿ 'ಆಪ್ಷನ್ಸ್'ಗೆ ಹೋಗಿ. 'ಅವಾಯ್ಡ್ ಟೋಲ್ಸ್', 'ಅವಾಯ್ಡ್ ಮೋಟರ್‌ವೇಸ್', 'ಅವಾಯ್ಡ್ ಫೆರ್ರೀಸ್' ಎಂಬ ಸಾಲುಗಳಿರುತ್ತವೆ. ಒಮ್ಮೆ ಹಾಕಿದ ಟಿಕ್ ನೀವೇ ತೆಗೆಯುವವರೆಗೆ ಹೋಗದು. ಹೆದ್ದಾರಿ ಬಿಟ್ಟು ಊರೂರು ಸುತ್ತಿಸುವ ಮ್ಯಾಪ್‌ನ ಹಿಂದೆ ಮೊದಲೆರಡರಲ್ಲಿ ಒಂದು ಅಡಗಿರುವುದೇ ಹೆಚ್ಚು. ಕರಾವಳಿಯಲ್ಲಿ, ಹಿನ್ನೀರಿನ ಕಡೆಗಳಲ್ಲಿ ಮೂರನೆಯದೂ ಲೆಕ್ಕಕ್ಕೆ ಬರುತ್ತದೆ. ಶರಾವತಿ ಹಿನ್ನೀರಿನ ಸಿಗಂದೂರಿನ ಕಡೆ ಲಾಂಚ್ ತಪ್ಪಿಸಲು ಹಾಕಿದ ಹಳೆಯ ಟಿಕ್ ಹಾಗೇ ಉಳಿದಿರಬಹುದು, ನೋಡಿಕೊಳ್ಳಿ.

ದಾರಿಯ ಕೆಳಗೆ ಟೋಲ್ ಎಷ್ಟಾಗಬಹುದೆಂಬ ಅಂದಾಜನ್ನು ಗೂಗಲ್ 2022ರಿಂದ ಭಾರತದಲ್ಲಿ ತೋರಿಸುತ್ತಿದೆ. ಆದರೆ ಖಾಸಗಿ ಕಾರಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿದ್ದರೆ (2025ರಲ್ಲಿ ಶುರುವಾದಾಗ 3,000 ರೂಪಾಯಿ, 200 ದಾಟು ಅಥವಾ ಒಂದು ವರ್ಷ, ಯಾವುದು ಮೊದಲೋ ಅದು) ರಾಷ್ಟ್ರೀಯ ಹೆದ್ದಾರಿಯ ಆ ಅಂಕಿ ನಿಮ್ಮ ಜೇಬಿನದಲ್ಲ. ಪಾಸ್ ಇಟ್ಟುಕೊಂಡು 'ಟೋಲ್ ಬೇಡ' ಎಂದು ಟಿಕ್ ಹಾಕಿ ಓಣಿ ಸುತ್ತುವುದಂತೂ ದುಡ್ಡು ಕೊಟ್ಟು ಊಟ ಬಿಟ್ಟಂತೆ.

ಹಸಿರು ಎಲೆಯ ಗುರುತಿರುವ ದಾರಿ ಇಂಧನ ಉಳಿಸುವ ದಾರಿ. ಅದನ್ನು ನಂಬಬೇಕಾದರೆ ಮೊದಲು ಎಂಜಿನ್ ಬಗೆಯನ್ನು (ಪೆಟ್ರೋಲ್, ಡೀಸೆಲ್, ಹೈಬ್ರಿಡ್, ಎಲೆಕ್ಟ್ರಿಕ್) ಸೆಟ್ಟಿಂಗ್ಸ್‌ನಲ್ಲಿ ಸರಿಯಾಗಿ ಆರಿಸಿರಬೇಕು. 'ಪ್ರಿಫರ್ ಫ್ಯುಯೆಲ್ ಎಫಿಶಿಯಂಟ್ ರೂಟ್ಸ್' ಆನ್ ಇದ್ದರೆ ಕೆಲವು ನಿಮಿಷ ಹೆಚ್ಚು ಹಿಡಿಯುವ ದಾರಿಯೇ ಮೊದಲು ಬರಬಹುದು. ವಿಮಾನ ಹಿಡಿಯಲು ಹೊರಟ ದಿನ ಇದನ್ನು ಆಫ್ ಮಾಡಿ.

ಪಿನ್ ಸರಿಯಿದ್ದರೆ ಅರ್ಧ ಪ್ರಯಾಣ ಮುಗಿದಂತೆ

ದಾರಿಗಿಂತ ಪಿನ್ ಮುಖ್ಯ. ಮ್ಯಾಪ್ ನಿಮ್ಮನ್ನು ಒಯ್ಯುವುದು ಪಿನ್‌ಗೆ ಅತಿ ಹತ್ತಿರವಿರುವ ರಸ್ತೆಗೆ, ಬಾಗಿಲಿಗಲ್ಲ. ಕಲ್ಯಾಣ ಮಂಟಪದ ಪಿನ್ ಕಟ್ಟಡದ ನಡುಮಧ್ಯ ಬಿದ್ದಿದ್ದು, ಹಿಂದಿನ ಓಣಿ ಮುಂದಿನ ರಸ್ತೆಗಿಂತ ನಾಲ್ಕು ಮೀಟರ್ ಹತ್ತಿರವಿದ್ದರೆ ಮದುವೆಗೆ ಬಂದವರೆಲ್ಲ ಹಿತ್ತಲ ಗೋಡೆಯ ಮುಂದೆ 'ನೀವು ತಲುಪಿದ್ದೀರಿ' ಎಂಬ ಘೋಷಣೆ ಕೇಳುತ್ತ ನಿಲ್ಲುತ್ತಾರೆ. ಆಸ್ಪತ್ರೆ, ಕಾಲೇಜು, ಅಪಾರ್ಟ್‌ಮೆಂಟ್‌ಗಳಲ್ಲೂ ಇದೇ ಪಾಡು. ಮದ್ದು ಸರಳ: ಮ್ಯಾಪ್ ಹಿಗ್ಗಿಸಿ, 'ಲೇಯರ್ಸ್'ನಲ್ಲಿ ಸ್ಯಾಟಲೈಟ್ ನೋಟ ಹಾಕಿ, ಗೇಟ್ ಎಲ್ಲಿದೆ ಎಂದು ಕಣ್ಣಾರೆ ನೋಡಿ, ಗೇಟಿನ ಮುಂದಿನ ರಸ್ತೆಯ ಮೇಲೆ ಬೆರಳನ್ನು ಒಂದು ಕ್ಷಣ ಒತ್ತಿಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ. ಅದಕ್ಕೇ 'ಡೈರೆಕ್ಷನ್ಸ್' ಕೇಳಿ.

ಹಳ್ಳಿಯ ಹೆಸರು ಟೈಪಿಸಿ ಮೊದಲು ಬಂದದ್ದನ್ನು ಒತ್ತುವ ಚಾಳಿ ಬಿಡಿ. ಹೊಸಹಳ್ಳಿ, ಹೊಸೂರು, ರಾಮಪುರ, ಕೋಡಿಹಳ್ಳಿ ಎಂಬ ಹೆಸರಿನ ಊರುಗಳು ನಮ್ಮಲ್ಲಿ ಲೆಕ್ಕಕ್ಕೆ ಸಿಗವು. ಹೆಸರಿನ ಜೊತೆ ತಾಲ್ಲೂಕು ಸೇರಿಸಿ, ಇಲ್ಲವೇ ಅಂಚೆಯ ಪಿನ್‌ಕೋಡ್ ಹಾಕಿ. ಆಮೇಲೆ ಒಟ್ಟು ಕಿಲೋಮೀಟರ್ ನೋಡಿ. ಅಂದಾಜಿಗೂ ಅದಕ್ಕೂ ತಾಳೆಯಾಗದಿದ್ದರೆ ಅದು ಬೇರೆ ಹೊಸಹಳ್ಳಿ.

ಊರಿನವರಿಂದ ವಾಟ್ಸ್ಆ್ಯಪ್‌ನಲ್ಲಿ ಲೊಕೇಶನ್ ತರಿಸಿಕೊಳ್ಳುವುದಾದರೆ ಅವರು 'ಸೆಂಡ್ ಯುವರ್ ಕರೆಂಟ್ ಲೊಕೇಶನ್' ಒತ್ತಬೇಕು, ಅದೂ ಅಂಗಳಕ್ಕೆ ಬಂದು, ಕೆಳಗೆ ಬರೆದಿರುವ ಮೀಟರ್ ಲೆಕ್ಕ ಇಪ್ಪತ್ತಕ್ಕಿಂತ ಕಡಿಮೆಯಾದ ಮೇಲೆ. ಹೆಂಚಿನ ಮನೆಯೊಳಗೆ ಕೂತು ಕಳಿಸಿದ ಲೊಕೇಶನ್ ಪಕ್ಕದ ತೋಟದಲ್ಲಿ ಬೀಳುವುದುಂಟು. ಪಟ್ಟಿಯಲ್ಲಿ ಮೊದಲು ಕಂಡ ಅಂಗಡಿಯ ಹೆಸರು ಒತ್ತಿದರೆ ಅಂಗಡಿಗೇ ಹೋಗುತ್ತೀರಿ. 'ಲೈವ್ ಲೊಕೇಶನ್' ಕಳಿಸಿ ಆಮೇಲೆ ಅವರು ಸಂತೆಗೆ ಹೊರಟರೆ ಪಿನ್ನೂ ಸಂತೆಗೆ ಹೊರಡುತ್ತದೆ.

ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳುವುದಾದರೆ ಪ್ಲಸ್ ಕೋಡ್ ಒಳ್ಳೆಯದು. ಪಿನ್ ಬೀಳಿಸಿದಾಗ ಕೆಳಗೆ ಕೂಡಿಸುವ ಚಿಹ್ನೆಯಿರುವ ಸಣ್ಣ ಕೋಡ್ ಕಾಣುತ್ತದೆ, ಅದರ ಪಕ್ಕದಲ್ಲೇ ಊರಿನ ಹೆಸರು. ಊರಿನ ಹೆಸರು ಸೇರಿಸಿಯೇ ಹೇಳಬೇಕು, ಯಾಕೆಂದರೆ ಪೂರ್ಣ ಕೋಡಿನಿಂದ ಬಿಟ್ಟ ಮೊದಲ ನಾಲ್ಕು ಅಕ್ಷರಗಳ ಕೆಲಸವನ್ನು ಆ ಹೆಸರು ಮಾಡುತ್ತಿರುತ್ತದೆ. ಸಾಮಾನ್ಯ ಕೋಡ್ ಸುಮಾರು 14 ಮೀಟರ್ ಚೌಕವನ್ನು ಗುರುತಿಸುತ್ತದೆ. ಇದರಲ್ಲಿ ಸೊನ್ನೆ, ಒಂದು, ಇಂಗ್ಲಿಷಿನ ಓ, ಐ ಇವು ಬರುವುದೇ ಇಲ್ಲ. ಯಾರಾದರೂ 'ಸೊನ್ನೆ' ಎಂದರೆ ತಪ್ಪಾಗಿ ಓದುತ್ತಿದ್ದಾರೆ. ಅಂಚೆ ಇಲಾಖೆ 2025ರ ಮೇನಲ್ಲಿ ಹೊರತಂದ ಡಿಜಿಪಿನ್ ಹತ್ತು ಅಕ್ಷರದ್ದು, ಸುಮಾರು 4 ಮೀಟರ್ ಚೌಕಕ್ಕೆ ಒಂದು. ಅದು ಹೆಚ್ಚು ನಿಖರ, ಆದರೆ ಎಲ್ಲ ಮ್ಯಾಪ್ ಆ್ಯಪ್‌ಗಳೂ ಅದನ್ನು ನೇರವಾಗಿ ಓದುವುದಿಲ್ಲ.

ಅಕ್ಷಾಂಶ ರೇಖಾಂಶ ಬಳಸುವವರು ಅಂಕಿಗಳ ಕ್ರಮ ನೋಡಿಕೊಳ್ಳಿ. ಬೆಂಗಳೂರು 12.9716, 77.5946. ಕರ್ನಾಟಕದ ಯಾವ ಜಾಗಕ್ಕೇ ಆದರೂ ಮೊದಲ ಅಂಕಿ 11 ಮತ್ತು 19ರ ಒಳಗೆ, ಎರಡನೆಯದು 74 ಮತ್ತು 79ರ ಒಳಗೆ ಬರಬೇಕು. ಅದಲುಬದಲಾದರೆ ಪಿನ್ ಉತ್ತರ ಧ್ರುವದ ದಿಕ್ಕಿನ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕ, ಹಿಮಸಮುದ್ರದಲ್ಲಿ ಬೀಳುತ್ತದೆ. ಬಿಂದುವಿನ ನಂತರ ನಾಲ್ಕು ಅಂಕಿಯಿದ್ದರೆ ಸುಮಾರು 11 ಮೀಟರ್ ನಿಖರತೆ, ಐದಿದ್ದರೆ ಒಂದು ಮೀಟರಿನಷ್ಟು. ಗೇಟು ಹುಡುಕಲು ಐದು ಸಾಕು.

ನಿಮಗೆ ಬೇಕಾದ ದಾರಿಯಲ್ಲೇ ಮ್ಯಾಪ್ ಹೋಗಬೇಕೆಂದರೆ ನಡುವೆ ಒಂದು ನಿಲುಗಡೆ ಸೇರಿಸಿ. ಮೂರು ಚುಕ್ಕಿಯಲ್ಲಿ 'ಆ್ಯಡ್ ಸ್ಟಾಪ್' ಇದೆ, ಒಂಬತ್ತರವರೆಗೆ ಸೇರಿಸಬಹುದು. ಇಲ್ಲೇ ಬಹಳ ಜನ ಪೇಚಿಗೆ ಸಿಲುಕುವುದು. ವಿಭಜಕವಿರುವ ಹೆದ್ದಾರಿಯಲ್ಲಿ ನಿಲುಗಡೆಯ ಪಿನ್ ಎದುರು ಬದಿಯ ಪಥದ ಮೇಲೆ ಬಿದ್ದರೆ, ಅದನ್ನು ಮುಟ್ಟಲು ಮ್ಯಾಪ್ ಮುಂದಿನ ಇಳಿದಾರಿಯವರೆಗೆ ಒಯ್ದು ತಿರುಗಿಸಿ ತರುತ್ತದೆ. ಇಳಿಯುವ ಜಾಗಗಳೇ ಕಡಿಮೆಯಿರುವ ಮೈಸೂರು ಹೆದ್ದಾರಿಯಲ್ಲಿ ಈ ಪ್ರದಕ್ಷಿಣೆ ದುಬಾರಿ. ಎರಡು ಪಥಗಳು ಎರಡು ಗೆರೆಯಾಗಿ ಬೇರೆ ಬೇರೆ ಕಾಣುವವರೆಗೆ ಹಿಗ್ಗಿಸಿ, ನೀವು ಸಾಗುವ ದಿಕ್ಕಿನ ಎಡಗೆರೆಯ ಮೇಲೆಯೇ ಪಿನ್ ಇಡಿ. ಇನ್ನೂ ಸಲೀಸು ಬೇಕೆಂದರೆ ನಿಲುಗಡೆಯಾಗಿ ಹೆದ್ದಾರಿ ಬದಿಯ ಪೆಟ್ರೋಲ್ ಬಂಕನ್ನೋ ಹೋಟೆಲನ್ನೋ ಆರಿಸಿ, ಅದು ಯಾವ ಬದಿಯಲ್ಲಿದೆ ಎಂದು ನೋಡಿಕೊಂಡು.

ಮೇಲೋ ಕೆಳಗೋ?

ಬೆಂಗಳೂರಿನ ಚಾಲಕನಿಗೆ ಕಾಡುವ ಪ್ರಶ್ನೆ ಇದೊಂದೇ. ಫ್ಲೈಓವರ್ ಮೇಲಿನ ಬಿಂದುವಿಗೂ ಅದರ ಅಡಿಯ ಬಿಂದುವಿಗೂ ಅಕ್ಷಾಂಶ ರೇಖಾಂಶ ಒಂದೇ. ವ್ಯತ್ಯಾಸ ಎತ್ತರದಲ್ಲಿ ಮಾತ್ರ, ಜಿಪಿಎಸ್ ಹೆಚ್ಚು ತಪ್ಪುವುದೂ ಎತ್ತರದಲ್ಲೇ. ಸಾಲದ್ದಕ್ಕೆ ಫ್ಲೈಓವರ್ ಮತ್ತು ಮೆಟ್ರೋ ಕಂಬಗಳ ಅಡಿಯಲ್ಲಿ ಸಿಗ್ನಲ್ ಕಾಂಕ್ರೀಟಿಗೆ ಬಡಿದು ಸುತ್ತಿಬಳಸಿ ಬರುತ್ತದೆ, ಚುಕ್ಕಿ ಪಕ್ಕದ ರಸ್ತೆಗೆ ಹಾರುತ್ತದೆ.

2024ರ ಜುಲೈನಲ್ಲಿ ಗೂಗಲ್ ಭಾರತದ 40 ನಗರಗಳಿಗೆ ಫ್ಲೈಓವರ್ ಸೂಚನೆ ತಂದಿತು. ಮೊದಲು ಆಂಡ್ರಾಯ್ಡ್ ಮತ್ತು ಆಂಡ್ರಾಯ್ಡ್ ಆಟೋದಲ್ಲಿ (ಫೋನಿನ ಆ್ಯಪ್‌ಗಳನ್ನು ಕಾರಿನ ಪರದೆಯಲ್ಲಿ ತೋರಿಸುವ ಸೌಲಭ್ಯ). ಏರಬೇಕಾದ ಫ್ಲೈಓವರ್ ಹತ್ತಿರ ಬಂದಾಗ ಆ್ಯಪ್ ಅದನ್ನು ಬಿಡಿಸಿ ಹೇಳುತ್ತದೆ. ನಿಮಗೆ ಇದು ಕೇಳಿಸುತ್ತಿಲ್ಲವೆಂದರೆ ಆ್ಯಪ್ ಹಳೆಯದಿರಬಹುದು, ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಮಾಡಿ. ಸ್ಪೀಕರ್ ಗುರುತಿನಲ್ಲಿ 'ಅಲರ್ಟ್ಸ್ ಓನ್ಲಿ' ಆಗಿದ್ದರೂ ತಿರುವಿನ ಸೂಚನೆ ನಿಂತುಹೋಗುತ್ತದೆ, ಅದನ್ನು ಪೂರ್ಣ ದನಿಗೆ ತನ್ನಿ.

ಸೂಚನೆ ಬಂದರೂ ಪರಿಚಯವಿಲ್ಲದ ಜಾಗದಲ್ಲಿ ಒಂದೇ ಕ್ಷಣದಲ್ಲಿ ತೀರ್ಮಾನಿಸುವುದು ಕಷ್ಟ. ಹೊಸೂರು ರಸ್ತೆಯಲ್ಲಿ ಬೊಮ್ಮನಹಳ್ಳಿಯ ಬಳಿ ಅರಿವಿಲ್ಲದೆ ಎತ್ತರದ ರಸ್ತೆಗೆ ಏರಿದಿರೋ, ಎಲೆಕ್ಟ್ರಾನಿಕ್ ಸಿಟಿ ಮುಟ್ಟುವವರೆಗೆ ಕೆಳಗಿನ ಅಂಗಡಿಗಳನ್ನು ನೋಡುತ್ತ ಹೋಗುವುದೇ, ಜೊತೆಗೆ ಟೋಲ್ ಬೇರೆ. ಆದ್ದರಿಂದ ಹಿಂದಿನ ರಾತ್ರಿಯೇ ಹೀಗೆ ಮಾಡಿ. ದಾರಿ ಬಂದ ಮೇಲೆ 'ಸ್ಟಾರ್ಟ್' ಒತ್ತದೆ 'ಸ್ಟೆಪ್ಸ್' ತೆರೆಯಿರಿ. ಒಂದೊಂದೇ ತಿರುವು ಸಾಲಾಗಿ ಬರುತ್ತದೆ. ಗೊಂದಲದ ತಿರುವಿನ ಮೇಲೆ ಒತ್ತಿ ಮ್ಯಾಪ್ ಹಿಗ್ಗಿಸಿ. ನೀಲಿ ಗೆರೆ ಎರಡಾಗಿ ಸೀಳುವ ಜಾಗವೇ ಫ್ಲೈಓವರಿನ ಬಾಯಿ. 2022ರಿಂದ ಸ್ಟ್ರೀಟ್ ವ್ಯೂ ಬೆಂಗಳೂರಿನಲ್ಲೂ ಇರುವುದರಿಂದ ಆ ಬಾಯಿಯ ಫೋಟೋವನ್ನೇ ನೋಡಬಹುದು: ಎಡಕ್ಕಿರುವ ಬೋರ್ಡ್ ಯಾವುದು, ಎಷ್ಟನೆಯ ಲೇನ್ ಹಿಡಿಯಬೇಕು. ಚಿತ್ರ ಹಳೆಯದಿರಬಹುದು, ಮೂಲೆಯಲ್ಲಿ ತಿಂಗಳು ವರ್ಷ ಬರೆದಿರುತ್ತದೆ. ಆಮೇಲೆ ತೆರೆದ ಫ್ಲೈಓವರ್ ಅದರಲ್ಲಿ ಸಿಗದು. ರಾಗಿಗುಡ್ಡ–ಸಿಲ್ಕ್ ಬೋರ್ಡ್ ಡಬಲ್ ಡೆಕ್ಕರ್ ತೆರೆದದ್ದು 2024ರ ಜುಲೈನಲ್ಲಿ.

ಸರ್ವಿಸ್ ರೋಡಿನದೂ ಇದೇ ಕತೆ. ಮುಖ್ಯ ರಸ್ತೆಗೂ ಸರ್ವಿಸ್ ರೋಡಿಗೂ ನಡುವೆ ಏಳೆಂಟು ಮೀಟರ್ ಇದ್ದು ಫೋನಿನ ತಪ್ಪು ಐದು ಮೀಟರ್ ಆದರೆ ಆ್ಯಪ್ ಊಹೆಗೇ ಇಳಿಯಬೇಕು. ನೀವು ಕೆಳಗಿದ್ದೂ ಅದು ಮೇಲಿದ್ದೀರಿ ಎಂದುಕೊಂಡಿರುವ ಗುರುತು ಇದು: ಎದುರಿಗೇ ಸಿಗ್ನಲ್ ಕಾಣುತ್ತಿರುತ್ತದೆ, ಆ್ಯಪ್ ಮಾತ್ರ 'ಇನ್ನು ಮೂರು ಕಿಲೋಮೀಟರ್ ನೇರ' ಎಂದು ಸುಮ್ಮನಿರುತ್ತದೆ. ಆಗ ಅದರ ಮೌನ ನಂಬದೆ ಬೋರ್ಡ್ ನೋಡಿ ಹೋಗಿ. ಒಂದು ತಿರುವು ತೆಗೆದುಕೊಂಡೊಡನೆ ಅದು ತಾನಾಗಿ ತಿದ್ದಿಕೊಳ್ಳುತ್ತದೆ.

ಇಂಥ ಕೂಡುರಸ್ತೆಗಳಲ್ಲಿ ಮ್ಯಾಪಲ್ಸ್‌ನ 'ಜಂಕ್ಷನ್ ವ್ಯೂ' ಗೂಗಲ್‌ಗಿಂತ ಸ್ಪಷ್ಟ ಎನ್ನಲು ಅಡ್ಡಿಯಿಲ್ಲ. ಕವಲು ಹತ್ತಿರ ಬಂದಾಗ ಫ್ಲೈಓವರು, ಅಂಡರ್‌ಪಾಸು, ಹಸಿರು ಬೋರ್ಡುಗಳ ಸಮೇತ ಚಿತ್ರ ಮೂಡಿ, ಹಿಡಿಯಬೇಕಾದ ಲೇನಿನ ಮೇಲೆ ಬಾಣ ಬರುತ್ತದೆ. ಬೆಂಗಳೂರು ಸಂಚಾರ ಪೊಲೀಸರ ಜೊತೆಗೂಡಿ 2025ರಲ್ಲಿ ಕೆಲವು ಜಂಕ್ಷನ್‌ಗಳ ಸಿಗ್ನಲ್ ಎಷ್ಟು ಸೆಕೆಂಡಿನಲ್ಲಿ ಹಸಿರಾಗುತ್ತದೆ ಎಂಬ ಎಣಿಕೆಯನ್ನೂ ಅದು ತೋರಿಸತೊಡಗಿತು. ಎಂಜಿನ್ ಆಫ್ ಮಾಡುವುದೋ ಬೇಡವೋ ಎಂದು ಯೋಚಿಸುವವರಿಗೆ ಇದು ನಿಜವಾಗಿ ಉಪಯೋಗ. ಉಬ್ಬು, ಗುಂಡಿಗಳ ಎಚ್ಚರಿಕೆಯೂ ಅದರಲ್ಲಿದೆ. ಆದರೆ ಹೊಸದಾಗಿ ಹಾಕಿದ, ಬಣ್ಣ ಬಳಿಯದ ಉಬ್ಬು ಯಾವ ಮ್ಯಾಪಿಗೂ ಗೊತ್ತಿರುವುದಿಲ್ಲ.

ಗೂಗಲ್ ಮ್ಯಾಪ್ಸ್‌ಗೆ ಇಕ್ಕಟ್ಟಾದ ರಸ್ತೆ ತಪ್ಪಿಸುವ ಸೌಲಭ್ಯವೂ 2024ರ ಜುಲೈನಲ್ಲೇ ಬಂತು. ಬೆಂಗಳೂರು, ಹೈದರಾಬಾದ್, ಚೆನ್ನೈ ಸೇರಿ ಎಂಟು ನಗರಗಳಿಂದ ಶುರು. ಉಪಗ್ರಹ ಚಿತ್ರ, ಸ್ಟ್ರೀಟ್ ವ್ಯೂ, ಕಟ್ಟಡಗಳ ನಡುವಿನ ಅಂತರ ಇವುಗಳಿಂದ ರಸ್ತೆಯ ಅಗಲ ಅಂದಾಜು ಮಾಡಿ, ಕಾರಿನ ದಾರಿಯಲ್ಲಿ ಅಂಥ ತುಂಡುಗಳನ್ನು ಆದಷ್ಟು ಬಿಡಿಸುತ್ತದೆ. ಅದು ಅಳೆಯುವುದು ರಸ್ತೆಯನ್ನು, ಅದರ ಮೇಲೆ ನಿಂತಿರುವುದನ್ನಲ್ಲ. ಎರಡೂ ಬದಿ ಕಾರು ನಿಲ್ಲಿಸಿದ ಬಡಾವಣೆ, ಗಣೇಶನ ಪೆಂಡಾಲ್, ರಾಶಿ ಹಾಕಿದ ಜಲ್ಲಿ ಇವು ಅದರ ಲೆಕ್ಕದಲ್ಲಿಲ್ಲ. ಮಳೆ ಜೋರಾಗಿದ್ದಾಗ ಅಂಡರ್‌ಪಾಸ್ ತೋರಿಸಿದರೂ ಅಷ್ಟೇ. ನೀರಿನ ಆಳ ಮ್ಯಾಪಿನಲ್ಲಿ ಇರುವುದಿಲ್ಲ. ಚಕ್ರದ ಅರ್ಧ ಮುಳುಗುವಷ್ಟು ನೀರು ಕಂಡರೆ ಮ್ಯಾಪ್ ಎಷ್ಟೇ ಕರೆದರೂ ಇಳಿಯಬೇಡಿ.

ಕನ್ನಡದಲ್ಲಿ ಮಾತಾಡಲಿ

ಪ್ರೊಫೈಲ್ ಚಿತ್ರ ಒತ್ತಿ ಸೆಟ್ಟಿಂಗ್ಸ್, ಅಲ್ಲಿಂದ 'ನ್ಯಾವಿಗೇಶನ್', ಅದರೊಳಗೆ 'ವಾಯ್ಸ್ ಸೆಲೆಕ್ಷನ್', ಪಟ್ಟಿಯಲ್ಲಿ ಕನ್ನಡ. ಆ್ಯಪ್‌ನ ಮೆನು ಇಂಗ್ಲಿಷಿನಲ್ಲೇ ಉಳಿದು ದನಿ ಮಾತ್ರ ಕನ್ನಡವಾಗುತ್ತದೆ. ಮನೆಯಲ್ಲಿ ಅಪ್ಪ ಗಾಡಿ ಓಡಿಸುವವರಾದರೆ ಇದೊಂದನ್ನು ಮಾಡಿಕೊಡಿ, 'ಸ್ಲೈಟ್ ಲೆಫ್ಟ್' ಎಂದರೇನು ಎಂಬ ವಾಗ್ವಾದ ನಿಲ್ಲುತ್ತದೆ.

ಕಾರಿನ ಬ್ಲೂಟೂತ್‌ನಲ್ಲಿ ಸೂಚನೆಯ ಮೊದಲ ಪದವೇ ನುಂಗಿಹೋಗುವ ದೂರು ಸಾಮಾನ್ಯ. 'ಎಡಕ್ಕೆ ತಿರುಗಿ' ಎಂಬುದರಲ್ಲಿ 'ಎಡಕ್ಕೆ' ಹೋಗಿ 'ತಿರುಗಿ' ಮಾತ್ರ ಉಳಿದರೆ ಏನು ಪ್ರಯೋಜನ? ಸುಮ್ಮನಿದ್ದ ಬ್ಲೂಟೂತ್ ಕೊಂಡಿ ಎಚ್ಚರಗೊಳ್ಳಲು ಒಂದರ್ಧ ಸೆಕೆಂಡ್ ಬೇಕು, ಪದ ಕಳೆದುಹೋಗುವುದು ಅಷ್ಟರೊಳಗೆ. ಹಾಡು ಹಾಕಿಕೊಂಡಿದ್ದರೆ ಕೊಂಡಿ ಎಚ್ಚರವಾಗಿಯೇ ಇರುತ್ತದೆ. ಹಾಡು ಬೇಡವೆಂದರೆ 'ಪ್ಲೇ ವಾಯ್ಸ್ ಓವರ್ ಬ್ಲೂಟೂತ್' ಆಫ್ ಮಾಡಿ, ಫೋನಿನ ಸ್ಪೀಕರೇ ಮಾತಾಡಲಿ. ದನಿಯ ಮಟ್ಟ 'ಲೌಡರ್'ಗೆ ಇಡಿ. ಅದೇ ಪುಟದಲ್ಲಿ 'ಪ್ಲೇ ಟೆಸ್ಟ್ ಸೌಂಡ್' ಇದೆ, ಮನೆ ಮುಂದೆಯೇ ಒತ್ತಿ ಕೇಳಿ.

ಘಾಟಿಗೆ ಇಳಿಯುವ ಮುನ್ನ

ಸಕಲೇಶಪುರ ದಾಟಿ ಶಿರಾಡಿಗೆ ಇಳಿದರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿಗೆ ಇಳಿದರೆ, ನೆಟ್‌ವರ್ಕ್ ಆಗಾಗ ಕೈಕೊಡುತ್ತದೆ. ಜಿಪಿಎಸ್‌ಗೆ ನೆಟ್‌ವರ್ಕ್ ಬೇಕಿಲ್ಲ, ಮ್ಯಾಪ್‌ನ ಚಿತ್ರಕ್ಕೆ ಬೇಕು. 'ಸ್ಟಾರ್ಟ್' ಒತ್ತಿದಾಗ ಸಿಕ್ಕ ದಾರಿ ಫೋನಿನಲ್ಲಿ ಉಳಿದಿರುತ್ತದೆ. ಒಂದು ತಿರುವು ತಪ್ಪಿದರೆ ಮಾತ್ರ ಹೊಸ ದಾರಿ ತರಲಾಗದೆ ಚಕ್ರ ಸುತ್ತುತ್ತ ಕೂರುತ್ತದೆ. ಆಫ್‌ಲೈನ್ ಮ್ಯಾಪ್ ಬೇಕಾಗುವುದು ಇಲ್ಲಿ.

ಮನೆಯ ವೈಫೈನಲ್ಲಿ ಪ್ರೊಫೈಲ್ ಚಿತ್ರ ಒತ್ತಿ 'ಆಫ್‌ಲೈನ್ ಮ್ಯಾಪ್ಸ್', ಬಳಿಕ 'ಸೆಲೆಕ್ಟ್ ಯುವರ್ ಓನ್ ಮ್ಯಾಪ್'. ನೀಲಿ ಚೌಕಟ್ಟು ಬರುತ್ತದೆ. ಅದರೊಳಗೆ ಹಾಸನದಿಂದ ಮಂಗಳೂರಿನವರೆಗೆ ಇಡೀ ಪಟ್ಟಿ ಒಂದೇ ಸಲ ಕೂರುವಂತೆ ಹೊಂದಿಸಿ. ತುಂಡು ತುಂಡಾಗಿ ಇಳಿಸಬೇಡಿ, ಆಫ್‌ಲೈನ್‌ನಲ್ಲಿ ದಾರಿ ಸಿಗುವುದು ಆರಂಭದಿಂದ ಕೊನೆಯವರೆಗಿನ ದಾರಿ ಆ ಚೌಕಟ್ಟಿನೊಳಗಿದ್ದಾಗ. ಎಷ್ಟು ಎಂಬಿ ಬೇಕೆಂದು ಕೆಳಗೇ ಬರೆದಿರುತ್ತದೆ. ಇಳಿದ ಮೇಲೆ ಹೆಸರಿನಡಿ ಅದರ ವಾಯಿದೆ ಎಂದು ಮುಗಿಯುತ್ತದೆಂದು ಕಾಣುತ್ತದೆ, ತಾನಾಗಿ ಅಪ್‌ಡೇಟ್ ಆಗಲು ಬಿಡಿ.

ಆಮೇಲೆ ಪರೀಕ್ಷೆ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸಕಲೇಶಪುರದಿಂದ ಉಪ್ಪಿನಂಗಡಿಗೆ ದಾರಿ ಕೇಳಿ. ಬಂದರೆ ಸೈ. ಬರದಿದ್ದರೆ ಚೌಕಟ್ಟು ಕಿರಿದಾಯಿತು ಎಂದರ್ಥ, ಮತ್ತೆ ಇಳಿಸಿ. ಆಫ್‌ಲೈನ್‌ನಲ್ಲಿ ಸಂಚಾರದ ಬಣ್ಣವಿಲ್ಲ, ಬದಲಿ ದಾರಿಯಿಲ್ಲ, ಲೇನ್ ಸೂಚನೆಯಿಲ್ಲ. ತಲುಪುವ ಸಮಯವನ್ನು ಖಾಲಿ ರಸ್ತೆಯ ಲೆಕ್ಕವೆಂದೇ ತಿಳಿಯಿರಿ, ಶಿರಾಡಿಯಲ್ಲಿ ಟ್ಯಾಂಕರ್ ಲಾರಿಗಳ ಹಿಂದೆ ಬಿದ್ದರೆ ಆ ಲೆಕ್ಕ ನಿಲ್ಲದು.

ಘಾಟಿಯ ನಡುವೆ ಫೋನ್ ಆಫ್ ಮಾಡಿ ಆನ್ ಮಾಡಬೇಡಿ. ನೆಟ್‌ವರ್ಕ್ ಇದ್ದರೆ ಉಪಗ್ರಹಗಳು ಎಲ್ಲಿವೆ ಎಂಬ ಲೆಕ್ಕಪತ್ರ ಇಂಟರ್ನೆಟ್‌ನಿಂದ ಕ್ಷಣದಲ್ಲಿ ಬರುತ್ತದೆ. ಇಲ್ಲದಿದ್ದರೆ ಅದನ್ನು ಉಪಗ್ರಹದಿಂದಲೇ, ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಕೇಳಿಸಿಕೊಳ್ಳಬೇಕು. ಒಂದು ಉಪಗ್ರಹದ ವಿವರಕ್ಕೇ ಸುಮಾರು ಅರ್ಧ ನಿಮಿಷ ಬೇಕು. ಮರಗಳ ಚಪ್ಪರದ ಅಡಿ ನಡುವೆ ಕಡಿದರೆ ಮತ್ತೆ ಮೊದಲಿನಿಂದ.

ಮ್ಯಾಪ್‌ಗೆ ತಿಳಿಯದ ಇನ್ನೊಂದು ಸಂಗತಿ ಸರ್ಕಾರಿ ಆದೇಶ. ಬಂಡೀಪುರದ ಮೂಲಕ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. ಸಂಜೆ ಮೈಸೂರು ಬಿಡುವವರು 'ಸೆಟ್ ಡಿಪಾರ್ಟ್ ಆರ್ ಅರೈವ್ ಟೈಮ್' ಬಳಸಿ, ಊರನ್ನಲ್ಲ, ಅರಣ್ಯ ಚೆಕ್‌ಪೋಸ್ಟನ್ನು ಸೇರುವ ಜಾಗವಾಗಿ ಹಾಕಿ ಸಮಯ ನೋಡಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ, ಆಗುಂಬೆಗಳಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದು, ಭಾರಿ ವಾಹನ ತಡೆಯುವುದು ಮಾಮೂಲು. ಜಿಲ್ಲಾಡಳಿತದ ಪ್ರಕಟಣೆ ಮೊದಲು, ಮ್ಯಾಪ್ ಆಮೇಲೆ. ಶಿರಾಡಿ ಕೆಂಪಗಿದ್ದಾಗ ಮ್ಯಾಪ್ ಬಿಸಿಲೆಯ ಕಾಡುದಾರಿ ತೋರಿಸಿದರೆ, ಕಿಲೋಮೀಟರ್ ಕಡಿಮೆಯೆಂದು ರಾತ್ರಿ ಹೊತ್ತು ಅದನ್ನು ಹಿಡಿಯಬೇಡಿ. ಅದು ಇಕ್ಕಟ್ಟು, ಎದುರು ಗಾಡಿ ಬಂದರೆ ಹಿಂದಕ್ಕೆ ತೆಗೆಯುವ ಪರಿಸ್ಥಿತಿ.

ಎಲೆಕ್ಟ್ರಿಕ್ ಕಾರಿನವರು ಸೆಟ್ಟಿಂಗ್ಸ್‌ನಲ್ಲಿ ಪ್ಲಗ್ ಬಗೆ ಹಾಕಿಟ್ಟರೆ (ಈಗಿನ ಕಾರುಗಳಲ್ಲಿ ಹೆಚ್ಚಾಗಿ ಸಿಸಿಎಸ್ 2) ಹೊಂದದ ಚಾರ್ಜರ್‌ಗಳು ಪಟ್ಟಿಯಿಂದ ಹೋಗುತ್ತವೆ. ಚಾರ್ಜರ್ ಕೆಲಸ ಮಾಡುತ್ತಿದೆಯೇ ಎಂಬುದನ್ನು ಅದನ್ನು ನಡೆಸುವವರ ಸ್ವಂತ ಆ್ಯಪ್‌ನಲ್ಲೇ ನೋಡಿ. ಮಂಗಳೂರಿನಿಂದ ಘಾಟಿ ಹತ್ತುವಾಗ ಬ್ಯಾಟರಿ ಇಳಿಯುವ ವೇಗ ಬಯಲಿನ ಲೆಕ್ಕಕ್ಕೆ ಸಿಗದು.

ಹೋಲ್ಡರ್, ಚಾರ್ಜರ್, ಕೇಬಲ್

ಫೋನನ್ನು ಕೈಯಲ್ಲಿ ಹಿಡಿದು ಮ್ಯಾಪ್ ನೋಡಬೇಡಿ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿ ಚಾಲನೆಯ ವೇಳೆ ಫೋನಿಗೆ ಕೊಟ್ಟಿರುವ ವಿನಾಯಿತಿ ದಾರಿ ನೋಡಲು ಮಾತ್ರ, ಅದೂ ಚಾಲಕನ ಗಮನ ಕದಡದಂತೆ. ಹೋಲ್ಡರ್ ಎಸಿ ಕಿಂಡಿಯ ಮುಂದೆ ಇದ್ದರೆ ಎರಡು ಲಾಭ: ಕಣ್ಣು ರಸ್ತೆಯಿಂದ ಹೆಚ್ಚು ಕೆಳಗಿಳಿಯುವುದಿಲ್ಲ, ಫೋನೂ ತಂಪಾಗಿರುತ್ತದೆ. ಗಾಜಿನ ಬುಡದಲ್ಲಿ ಬಿಸಿಲಿಗೆ ಇಟ್ಟ ಫೋನ್ ಅರ್ಧ ಗಂಟೆಯಲ್ಲಿ ಕಾದು, ಮೊದಲು ಪರದೆ ಮಂಕಾಗಿಸುತ್ತದೆ, ಆಮೇಲೆ ಚಾರ್ಜ್ ನಿಲ್ಲಿಸುತ್ತದೆ. ಎಡಬದಿಯ ಡ್ಯಾಶ್‌ಬೋರ್ಡ್‌ನ ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಲೇಬೇಡಿ. ಏರ್‌ಬ್ಯಾಗ್ ಸಿಡಿದರೆ ಹೋಲ್ಡರ್ ಕಲ್ಲಿನಂತೆ ಹಾರುತ್ತದೆ.

'ಚಾರ್ಜಿಗೆ ಹಾಕಿದ್ದೂ ಬ್ಯಾಟರಿ ಇಳಿಯುತ್ತಿದೆ' ಎನ್ನುವವರು ಕಾರಿನ ಹಳೆಯ ಯುಎಸ್‌ಬಿ ತೂತಿಗೆ ಸಿಕ್ಕಿಸಿರುತ್ತಾರೆ. ಹಾಡು ಕೇಳಲೆಂದು ಕೊಟ್ಟ ಆ ತೂತು ಅರ್ಧ ಆಂಪಿಯರ್ ಕೊಟ್ಟರೆ ಹೆಚ್ಚು. ಪರದೆ, ಡೇಟಾ, ಜಿಪಿಎಸ್ ಮೂರೂ ಓಡುವಾಗ ಅದು ಸಾಲದು. 12 ವೋಲ್ಟ್ ಸಾಕೆಟ್ಟಿಗೆ 18 ವಾಟ್ ಅಥವಾ ಹೆಚ್ಚಿನ ಚಾರ್ಜರ್ ಹಾಕಿ.

ಆಂಡ್ರಾಯ್ಡ್ ಆಟೋ ಆಗಾಗ ಕಡಿದುಹೋದರೆ ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಆಗುವ ಕೇಬಲ್‌ನಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಒಂದು ಮೀಟರಿಗಿಂತ ಉದ್ದದ್ದೂ ಬೇಡ. ಫೋನಿನಲ್ಲಿ ಚುಕ್ಕಿ ಸರಿಯಿದ್ದು ಕಾರಿನ ಪರದೆಯಲ್ಲಿ ಮಾತ್ರ ರಸ್ತೆ ಬಿಟ್ಟು ಓಡುತ್ತಿದ್ದರೆ ಕಾರಿನ ಯೂನಿಟ್‌ನ ಸ್ವಂತ ಜಿಪಿಎಸ್ ಮೇಲೆ ಅನುಮಾನಪಡಿ. ಹಲವು ಕಾರುಗಳ ಯೂನಿಟ್ ತನ್ನ ಲೊಕೇಶನ್ನನ್ನೇ ಫೋನಿಗೆ ಕೊಡುತ್ತದೆ. ಹೊರಗಿನ ಅಂಗಡಿಯಲ್ಲಿ ಕೂರಿಸಿದ ಸ್ಟೀರಿಯೋ ಆದರೆ ಹಿಂದಿನ ಜಿಪಿಎಸ್ ಆ್ಯಂಟೆನಾ ತಂತಿ ಕಳಚಿರುವುದೋ, ಲೋಹದ ತಗಡಿನ ಅಡಿ ಸಿಕ್ಕಿರುವುದೋ ಮಾಮೂಲು ಕಾರಣ.

ಮ್ಯಾಪ್‌ನ ವೇಗಕ್ಕೂ ಕಾರಿನ ಮೀಟರಿಗೂ ನಾಲ್ಕೈದು ಕಿಲೋಮೀಟರ್ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಕಾರಿನ ಮೀಟರ್ ನಿಜಕ್ಕಿಂತ ತುಸು ಹೆಚ್ಚೇ ತೋರಿಸುವಂತೆ ಮಾಡಿರುತ್ತಾರೆ. ಕ್ಯಾಮೆರಾ ಇರುವ ಕಡೆ ಕಾರಿನ ಮೀಟರ್ ನೋಡಿ ಓಡಿಸಿದರೆ ದಂಡದ ಭಯ ಕಡಿಮೆ.

ಮ್ಯಾಪ್ ತಪ್ಪಿದೆ ಎಂದು ಕಂಡಾಗ

2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ರಾಮಗಂಗಾ ನದಿಯ ಅಪೂರ್ಣ ಸೇತುವೆಯ ತುದಿಯಿಂದ ಕಾರು ಕೆಳಗೆ ಬಿದ್ದು ಮೂವರು ಸತ್ತರು. ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು, ಮ್ಯಾಪ್‌ನಲ್ಲಿ ಗೆರೆ ಹಾಗೇ ಇತ್ತು. ರಾತ್ರಿ ಅಪರಿಚಿತ ರಸ್ತೆಯಲ್ಲಿ ಹಿಂದೆ ಮುಂದೆ ಒಂದೂ ಗಾಡಿ ಕಾಣದಿದ್ದರೆ, ಡಾಂಬರು ಮುಗಿದು ಮಣ್ಣು ಶುರುವಾದರೆ, ಅಡ್ಡ ಕಲ್ಲು ಮುಳ್ಳು ಇಟ್ಟಿದ್ದರೆ ನಿಲ್ಲಿಸಿ. ಅಲ್ಲಿ ಮ್ಯಾಪ್ ಹಿಗ್ಗಿಸಿ ನೋಡುವುದಲ್ಲ, ದೀಪ ಹಾಕಿ ಇಳಿದು ನೋಡುವುದು.

ದಾರಿಯಲ್ಲಿ ಕಂಡ ಅಡ್ಡಿಯನ್ನು ಪಕ್ಕ ಕೂತವರು ವರದಿ ಮಾಡಲಿ. ನ್ಯಾವಿಗೇಶನ್ ಓಡುತ್ತಿರುವಾಗ ಬಲಬದಿಯ ಎಚ್ಚರಿಕೆ ಗುರುತು ಒತ್ತಿದರೆ ಅಪಘಾತ, ಕಾಮಗಾರಿ, ಕೆಟ್ಟುನಿಂತ ವಾಹನ ಮುಂತಾದ ಆಯ್ಕೆ ಬರುತ್ತವೆ. ಹಿಂದೆ ಬರುವವರಿಗೆ 'ಇನ್ನೂ ಇದೆಯೇ' ಎಂಬ ಪ್ರಶ್ನೆ ಹೋಗುತ್ತದೆ.

ಕಾಯಂ ತಪ್ಪಾದರೆ (ಒನ್‌ವೇ ತಿರುಗಿದೆ, ಇಲ್ಲದ ರಸ್ತೆ ಇದೆ, ಸೇತುವೆ ಮುರಿದಿದೆ) ಮನೆಗೆ ಬಂದ ಮೇಲೆ 'ಕಾಂಟ್ರಿಬ್ಯೂಟ್' ಒಳಗಿನ ಮ್ಯಾಪ್ ತಿದ್ದುವ ಆಯ್ಕೆಯಲ್ಲಿ ರಸ್ತೆಯ ಸಾಲು ಆರಿಸಿ. ಆ ತುಂಡನ್ನು ಮಾತ್ರ ಒತ್ತಿ, ಇಡೀ ರಸ್ತೆಯನ್ನಲ್ಲ. 'ರೋಡ್ ಕ್ಲೋಸ್ಡ್' ಆದರೆ ಎಂದಿನಿಂದ ಎಂದಿನವರೆಗೆ ಎಂದು ದಿನಾಂಕ ಹಾಕಿ. ದಿನಾಂಕವಿಲ್ಲದ ವರದಿ ಹೆಚ್ಚಾಗಿ ಮೂಲೆ ಸೇರುತ್ತದೆ. ಒನ್‌ವೇ ಬೋರ್ಡಿನ ಅಥವಾ ಅಡ್ಡಗಟ್ಟಿನ ಫೋಟೋ ಇದ್ದರೆ ಸೇರಿಸಿ, ಫೋಟೋದಲ್ಲಿ ಬೋರ್ಡ್ ಜೊತೆಗೆ ಹಿಂದಿನ ರಸ್ತೆಯೂ ಕಾಣಲಿ. ಒಪ್ಪಿಗೆಯಾದರೆ ಮೇಲ್ ಬರುತ್ತದೆ. ವಾರ ಕಳೆದರೂ ಬರದಿದ್ದರೆ ಅದೇ ವರದಿಯನ್ನು ಬೇರೆ ಬೇರೆ ಮನೆಯ ಇಬ್ಬರು ಮೂವರ ಫೋನಿನಿಂದ ಕಳಿಸಿ ನೋಡಿ.